ಮೊದಲ ಸಾಲು ಸರಿಯಾಗಿತ್ತು

ನಮ್ಮೂರಿನಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲುಸಾಲುಗಳು ಇಪ್ಪತ್ತಮೂರು, ಬಡಾವಣೆಗಳೂ ಇಪ್ಪತ್ತಮೂರು. ಎಲ್ಲ ಮೆಟ್ಟಿಲುಗಳೂ ಕೆಳಗಿನ ಚೌಕದಿಂದಲೇ ಶುರುವಾಗುತ್ತವೆ. ಪ್ರತಿಯೊಂದರ ಮೊದಲ ಕಲ್ಲಿನ ಮೇಲೆ ಅದರ ಸಂಖ್ಯೆ ಕೆತ್ತಿದೆ. ಯಾವ ಮೆಟ್ಟಿಲು ಯಾವ ಬಡಾವಣೆಗೆ ಹೋಗುತ್ತದೆ ಎಂಬುದು ಮಾತ್ರ ದಿನಾ ಮುಂಜಾನೆ ಬದಲಾಗುತ್ತದೆ. ಇಳಿಯುವವರಿಗೆ ತೊಂದರೆಯಿಲ್ಲ, ಎಲ್ಲಿಂದ ಇಳಿದರೂ ಚೌಕವೇ ಸಿಗುತ್ತದೆ. ಹತ್ತುವವರು ಕೇಳಿಕೊಂಡು ಹತ್ತಬೇಕು.

ನಮಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅಂಚೆಯವನು ಬೆಳಿಗ್ಗೆ ಕೇಳಿಕೊಂಡು ಚೀಲ ವಿಂಗಡಿಸುತ್ತಾನೆ. ಮಕ್ಕಳು ಅಕ್ಷರ ಕಲಿಯುವ ಮೊದಲು ಇಪ್ಪತ್ತಮೂರರವರೆಗೆ ಎಣಿಸಲು ಕಲಿಯುತ್ತಾರೆ. ಸರಿಯಾಗಿ ಕೇಳಿಸಿಕೊಳ್ಳದೆ ಹತ್ತಿ ಬೇರೆ ಬಡಾವಣೆ ಸೇರಿದವರಿಗೆ ಅಲ್ಲಿಯ ಮೊದಲ ಮನೆಯವರು ಒಂದು ಲೋಟ ಮಜ್ಜಿಗೆ ಕೊಟ್ಟು, ಯಾಕೆ ಏನು ಎಂದು ಕೇಳದೆ ಕೆಳಗೆ ಕಳಿಸಬೇಕು ಎಂಬುದು ಪದ್ಧತಿ. ಬೇಕೆಂದೇ ದಾರಿ ತಪ್ಪಿ ಬರುವವರಿಗೂ ಮಜ್ಜಿಗೆ ಸಲ್ಲುತ್ತದೆ.

ದಿನದ ದಾರಿ ಹೇಳುತ್ತಿದ್ದವಳು ಸಾವಂತ್ರಮ್ಮ. ಬೆಳಕು ಹರಿಯುವ ಹೊತ್ತಿಗೆ ಚೌಕಕ್ಕೆ ಬಂದು, ಚಪ್ಪಲಿ ಬಿಟ್ಟು, ಒಂದೊಂದು ಮೆಟ್ಟಿಲುಸಾಲಿನ ಮೊದಲ ಕಲ್ಲಿನ ಮೇಲೂ ಹಿಮ್ಮಡಿ ಊರಿ ನಿಲ್ಲುತ್ತಿದ್ದಳು. ಇಪ್ಪತ್ತಮೂರೂ ಆದ ಮೇಲೆ ಚೌಕದ ನಡುವಿನ ಕಟ್ಟೆ ಹತ್ತಿ ಕೂಗುತ್ತಿದ್ದಳು. ಯಾರೂ ಮೆಟ್ಟಿಲಿನ ಸಂಖ್ಯೆಗಾಗಿ ಕಾಯುವುದಿಲ್ಲ, ತಮ್ಮ ಬಡಾವಣೆಯ ಹೆಸರಿಗಾಗಿ ಕಾಯುತ್ತಾರೆ. ಹಾಗಾಗಿ ಕೂಗುವುದು ಬಡಾವಣೆಗಳ ಸರದಿಯಲ್ಲಿ. ಮೊದಲು ಪುರಸಭೆ ಇರುವ ಕಚೇರಿಗುಡ್ಡ, ಆಮೇಲೆ ಆಸ್ಪತ್ರೆ ಬೀದಿ, ಶಾಲೆಬಯಲು, ಮೀನುಪೇಟೆ, ಹೀಗೆ ಕೊನೆಗೆ ನಮ್ಮ ಸುಣ್ಣದಗೂಡು. ಅವಳ ಅತ್ತೆಯ ಕಾಲದಿಂದಲೂ ಇದೇ ಸರದಿ. ಸಾವಂತ್ರಮ್ಮ ಮೂವತ್ತೊಂದು ವರ್ಷ ಕೂಗಿದಳು, ಒಂದು ದಿನವೂ ತಪ್ಪಲಿಲ್ಲ. ಊರಿನಲ್ಲಿ ಯಾರಾದರೂ ಖಂಡಿತ ಎನ್ನಬೇಕಾದರೆ 'ಸಾವಂತ್ರಮ್ಮ ಕೂಗಿದ ಹಾಗೆ' ಎನ್ನುತ್ತಿದ್ದರು. ಆಕೆಗೆ ಇದ್ದ ಆಸ್ತಿಯೆಂದರೆ ಆ ಒಂದು ಮಾತು.

ಹೀಗೆ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದ್ದ ವ್ಯವಸ್ಥೆಯನ್ನು ಸುಧಾರಿಸದೆ ಬಿಟ್ಟರೆ ಪುರಸಭೆ ಎಂದು ಯಾಕೆ ಕರೆಯಬೇಕು? ನಮ್ಮ ಅಧ್ಯಕ್ಷ ಸುಬೋಧರಾಯರು ಎಲ್ಲಿಗೋ ಪ್ರವಾಸ ಹೋಗಿ, ಅಲ್ಲಿ ಮಿಣಮಿಣ ಮಿನುಗುವ ಬೋರ್ಡುಗಳನ್ನು ನೋಡಿ ಬಂದರು. ಬಂದವರೇ 'ಸೋಪಾನ' ಎಂಬ ಸಾಫ್ಟ್‌ವೇರ್ ಯೋಜನೆ ಶುರು ಮಾಡಿದರು. ಸಾವಂತ್ರಮ್ಮ ಹೇಳಿದ ಪಟ್ಟಿಯನ್ನು ಪುರಸಭೆಯ ವಿಕಿಯಲ್ಲಿ, ಅಂದರೆ ಯಂತ್ರದಲ್ಲೇ ಬರೆದು ತಿದ್ದಬಹುದಾದ ಪುಟಗಳಲ್ಲಿ, ಬರೆಯುವುದು, ಚೌಕದ ಬೋರ್ಡುಗಳು ಅದನ್ನು ಅಲ್ಲಿಂದ ಎತ್ತಿಕೊಂಡು ತೋರಿಸುವುದು, ಇಷ್ಟೇ ಯೋಜನೆ. ಸಾಫ್ಟ್‌ವೇರ್ ನಾಲ್ಕು ತಿಂಗಳಿನಲ್ಲಿ ಸಿದ್ಧವಾಯಿತು. ಆದರೆ ವಿಕಿಯ ಪುಟಗಳನ್ನು ಯಾವ ಮಾರ್ಕಪ್ ಭಾಷೆಯಲ್ಲಿ ಬರೆಯಬೇಕು ಎಂದು ತೀರ್ಮಾನಿಸಲು ಎರಡು ವರ್ಷ ಎಂಟು ತಿಂಗಳು ಹಿಡಿಯಿತು. ಆ ಸಮಿತಿಯ ನಡಾವಳಿ ಬರೆದವನು ನಾನೇ. ಹೆಸರು ಮಹಾಲಿಂಗ, ಹಂಗಾಮಿ ಗುಮಾಸ್ತ. ಹನ್ನೊಂದು ವರ್ಷದಿಂದಲೂ ಹಂಗಾಮಿಯೇ.

ಮಾರ್ಕಪ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಬರೆದದ್ದರಲ್ಲಿ ಯಾವುದು ತಲೆಬರಹ, ಯಾವುದು ದಪ್ಪ ಅಕ್ಷರ, ಯಾವುದು ಪಟ್ಟಿ ಎಂದು ಯಂತ್ರಕ್ಕೆ ತಿಳಿಸಲು ಮಾತಿನ ನಡುವೆ ಇಡುವ ಗುರುತುಗಳು, ಅಷ್ಟೆ. ಗುರುತು ಇಟ್ಟು ಬರೆದದ್ದು ತಿದ್ದುವ ಪುಟ. ಯಂತ್ರ ಆ ಗುರುತುಗಳನ್ನು ನುಂಗಿ ಅಂದವಾಗಿ ತೋರಿಸುವುದು ಕಾಣುವ ಪುಟ. ಇಷ್ಟು ತಿಳಿಯುವುದಕ್ಕೆ ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಸಮಿತಿಯ ಸದಸ್ಯರಿಗೆ ಆ ಒಂದು ಮಧ್ಯಾಹ್ನ ಕೊನೆಯವರೆಗೂ ಸಿಗಲಿಲ್ಲ, ಯಾಕೆಂದರೆ ಅವರಿಗೆ ಮೊದಲ ದಿನವೇ ಎಲ್ಲವೂ ಗೊತ್ತಿತ್ತು.

ಸಮಿತಿಯಲ್ಲಿ ಮೂರು ಪಕ್ಷ. ಇಂಜಿನಿಯರ್ ಲೀಲಾಧರನದು ನಕ್ಷತ್ರದ ಪಕ್ಷ. ಪದದ ಆಚೆ ಈಚೆ ಎರಡೆರಡು ನಕ್ಷತ್ರ ಇಟ್ಟರೆ ದಪ್ಪ ಅಕ್ಷರವಾಗುತ್ತದೆ, ಸಾಲಿನ ಮೊದಲು ಸಂಖ್ಯೆ ಮತ್ತು ಚುಕ್ಕಿ ಇಟ್ಟರೆ ಪಟ್ಟಿಯಾಗುತ್ತದೆ, ಅಜ್ಜಿಯರೂ ಬರೆಯಬಹುದು ಎನ್ನುತ್ತಿದ್ದ. ಅವನು ಯಾವ ಅಜ್ಜಿಯನ್ನೂ ಕೇಳಿ ನೋಡಿರಲಿಲ್ಲ. ಗ್ರಂಥಾಲಯದ ವಾಗ್ದೇವಿ ಮೇಡಂ ಅವರದು ಕೊಕ್ಕೆಯ ಪಕ್ಷ. ಪ್ರತಿ ಮಾತಿನ ಮುಂದೆ ಒಂದು ಕೊಕ್ಕೆ ತೆರೆದು, ಮಾತು ಮುಗಿದ ಮೇಲೆ ಇನ್ನೊಂದು ಕೊಕ್ಕೆಯಿಂದ ಮುಚ್ಚಬೇಕು. ತೆರೆದದ್ದನ್ನು ಮುಚ್ಚುವ ಅಭ್ಯಾಸವಿಲ್ಲದ ಊರು ಉದ್ಧಾರವಾಗುವುದಿಲ್ಲ ಎಂದು ಅವರು ನಂಬಿದ್ದರು. ಗಣಿತ ಕಲಿಸಿ ನಿವೃತ್ತರಾದ ಜಿನದತ್ತ ಮೇಷ್ಟ್ರದು ಓರೆಗೆರೆಯ ಪಕ್ಷ. ಎಲ್ಲದರ ಮುಂದೆಯೂ ಒಂದು ಓರೆಗೆರೆ ಎಳೆದು ಅಪ್ಪಣೆ ಕೊಡುವುದು ಅವರ ಭಾಷೆಯ ರೀತಿ. ಅದರಲ್ಲಿ ಬೀಜಗಣಿತವನ್ನೂ ಬರೆಯಬಹುದು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಬೀಜಗಣಿತ ಬರೆಯಬೇಕೆಂದು ಯಾರೂ ಕೇಳಿರಲಿಲ್ಲ.

ಇವರು ಎರಡು ವರ್ಷ ಎಂಟು ತಿಂಗಳು ಜಗ್ಗಾಡಿದರು. ನಕ್ಷತ್ರವನ್ನು ಒಂದು ಇಡಬೇಕೋ ಎರಡು ಇಡಬೇಕೋ ಎಂಬುದಕ್ಕೇ ಒಂದು ಮಳೆಗಾಲ ಹೋಯಿತು. ಊರಿನವರೂ ಸುಮ್ಮನಿರಲಿಲ್ಲ. ಹೋಟೆಲಿನ ಗೋಡೆಯ ಮೇಲೆ ನಕ್ಷತ್ರ ಬಂತು, ಅದರ ಮೇಲೆ ಯಾರೋ ಓರೆಗೆರೆ ಎಳೆದರು. ಒಂದು ನಿಶ್ಚಿತಾರ್ಥ ಮುರಿದುಬಿತ್ತು. ವಿಕಿ ಎಂದರೇನೆಂದು ಗೊತ್ತಿಲ್ಲದ ಅಕ್ಕಿ ವ್ಯಾಪಾರಿಗಳು ಕೊಕ್ಕೆಯ ಪರವಾಗಿ ಮೆರವಣಿಗೆ ಮಾಡಿದರು. ಕೊನೆಗೆ ಎಲ್ಲರೂ ದಣಿದ ಮೇಲೆ ಒಪ್ಪಂದವಾಯಿತು. ಭಾಷೆ ನಕ್ಷತ್ರದ್ದು. ಬೋರ್ಡಿನ ವಿನ್ಯಾಸ ವಾಗ್ದೇವಿ ಮೇಡಂ ಅವರದು. ಜಿನದತ್ತ ಮೇಷ್ಟ್ರಿಗೆ ಶಾಲು ಹೊದಿಸುವುದು. ಮತ್ತು, ಮುಂದೆ ಜಗಳ ಬೇಡವೆಂದು, ಕೊನೆಯ ಕಲಮು: ಸೋತ ಎರಡು ಭಾಷೆಗಳ ಯಾವ ಗುರುತೂ ವಿಕಿಯ ಯಾವ ಪುಟದಲ್ಲೂ ಕಾಣಿಸಕೂಡದು. ಎಲ್ಲರೂ ಸಹಿ ಹಾಕಿ ಬೆನ್ನು ತಟ್ಟಿಕೊಂಡರು. ನಾನೂ ನಡಾವಳಿಯಲ್ಲಿ ಐತಿಹಾಸಿಕ ಎಂಬ ಪದ ಬರೆದೆ, ಬರೆಯಲು ಹೇಳಿದ್ದರು.

ಉದ್ಘಾಟನೆಯ ಹಿಂದಿನ ವಾರ ಸಾವಂತ್ರಮ್ಮನನ್ನು ಕಚೇರಿಗೆ ಕರೆಸಿದರು. ಇನ್ನು ಮುಂದೆ ಕೂಗುವ ಹಾಗಿಲ್ಲ, ಬೆಳಿಗ್ಗೆ ಹಿಮ್ಮಡಿ ಊರಿ ನೋಡಿ ಬಂದು ಪಟ್ಟಿಯನ್ನು ನನಗೆ ಹೇಳಿ ಮನೆಗೆ ಹೋಗಬೇಕು, ಹೊರಗೆ ಯಾರಿಗೂ ಬಾಯಿ ಬಿಡಕೂಡದು ಎಂದು ಆದೇಶ. ಎರಡು ಕಡೆಯಿಂದ ದಾರಿ ಹೇಳಿದರೆ ಜನಕ್ಕೆ ಗೊಂದಲವಾಗುತ್ತದಂತೆ.

"ಒಳ್ಳೇದಾಯ್ತು ಬುಡಿ, ಗಂಟಲೂ ಸೋತಿತ್ತು," ಅಂದಳು ಸಾವಂತ್ರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೋಡು ಮಾಲಿಂಗ, ನಾನ್ ಹೇಳಿದ್ದನ್ನ ನೀನು ಹಂಗೇ ಬರ್ಕೋಬೇಕು. ಬೋರ್ಡ್‌ನಾಗೆ ನನ್ ಹೆಸರು ಬರ್ತದಂತೆ," ಅಂದಳು.

ಹೆಸರು ಬಂದದ್ದು ನಿಜ. ಪ್ರತಿ ಬೋರ್ಡಿನ ಅಡಿಯಲ್ಲಿ 'ವಿವರ ಒದಗಿಸಿದವರು: ಸಾವಂತ್ರಮ್ಮ' ಎಂದು ಬರೆಸಿದ್ದರು. ಗೌರವವೆಂದು ಬರೆಸಿದ್ದರೋ, ತಪ್ಪಾದರೆ ಯಾರ ತಲೆಗೆ ಕಟ್ಟಬೇಕೆಂದು ಮೊದಲೇ ಯೋಚಿಸಿದ್ದರೋ, ಹೇಳಲಾರೆ. ಅಷ್ಟು ಮುಂದಾಲೋಚನೆ ಇದ್ದವರಂತೆ ಅವರು ಎಂದೂ ಕಾಣಲಿಲ್ಲ.

ಉದ್ಘಾಟನೆಯ ದಿನ ಆಕೆ ಹೇಳಿದಳು, ನಾನು ಬರೆದೆ. ಕಚೇರಿಗುಡ್ಡಕ್ಕೆ ಏಳು. ಆಸ್ಪತ್ರೆ ಬೀದಿಗೆ ಮೂರು. ಶಾಲೆಬಯಲಿಗೆ ಹತ್ತೊಂಬತ್ತು. ಮೀನುಪೇಟೆಗೆ ಎಂಟು. ಹೀಗೆ ಇಪ್ಪತ್ತಮೂರು ಸಾಲು. ಕೊನೆಗೆ ಸುಣ್ಣದಗೂಡಿಗೆ ಹನ್ನೆರಡು. ಸಮಿತಿ ಅನುಮೋದಿಸಿದ ನಮೂನೆಯಂತೆ ಸಂಖ್ಯೆ ಮೊದಲು, ಚುಕ್ಕಿ, ಆಮೇಲೆ ಬಡಾವಣೆಯ ಹೆಸರು. ಗುಂಡಿ ಒತ್ತಿದೆ. ಕೆಳಗೆ ಚೌಕದಲ್ಲಿ ಬೋರ್ಡುಗಳು ಬೆಳಗಿದವು, ಜನ ಚಪ್ಪಾಳೆ ತಟ್ಟಿದರು. ಸುಬೋಧರಾಯರು ಹಾರ ಹಾಕಿಸಿಕೊಂಡು, ಬೋರ್ಡಿನ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಏಳನೆಯ ಮೆಟ್ಟಿಲು ಹತ್ತಿ ನೇರವಾಗಿ ಪುರಸಭೆಗೆ ಬಂದು ತಲುಪಿದರು. ಯೋಜನೆ ಯಶಸ್ವಿ ಎಂದು ಅಲ್ಲೇ ಘೋಷಿಸಿದರು.

ಬೋರ್ಡಿನಲ್ಲಿ ಆ ಮೊದಲ ಸಾಲೊಂದೇ ಸರಿ ಇತ್ತು. ನಕ್ಷತ್ರದ ಭಾಷೆ ಮೊದಲ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಅಲ್ಲಿಂದ ಮುಂದೆ ಬರೆದವರು ಏನೇ ಬರೆದಿರಲಿ, ತಾನೇ ಒಂದೊಂದಾಗಿ ಎಣಿಸಿಕೊಂಡು ಹೋಗುತ್ತದೆ. ನನ್ನ ತಿದ್ದುವ ಪುಟದಲ್ಲಿ ಏಳು, ಮೂರು, ಹತ್ತೊಂಬತ್ತು ಎಂದಿತ್ತು. ಕಾಣುವ ಪುಟದಲ್ಲಿ ಏಳು, ಎಂಟು, ಒಂಬತ್ತು ಎಂದು ಬಂತು. ಹೊಟ್ಟೆನೋವಿನವರು ಎಂಟು ಹತ್ತಿ ಮೀನುಪೇಟೆ ಸೇರಿದರು. ಪರೀಕ್ಷೆಗೆ ಹೊರಟ ಮಕ್ಕಳು ಒಂಬತ್ತು ಹತ್ತಿ ಕುಂಬಾರಗೇರಿಯ ಆವಿಗೆಗಳ ನಡುವೆ ಕಣ್ಣು ಕಣ್ಣು ಬಿಡುತ್ತ ನಿಂತರು. ಏಳರಿಂದ ಶುರುವಾದ ಇಪ್ಪತ್ತಮೂರು ಸಾಲು ಇಪ್ಪತ್ತೊಂಬತ್ತಕ್ಕೆ ಮುಗಿಯಿತು. ಊರಿನಲ್ಲಿ ಇಪ್ಪತ್ತನಾಲ್ಕನೆಯ ಮೆಟ್ಟಿಲೇ ಇಲ್ಲ. ಕೊನೆಯ ಆರು ಬಡಾವಣೆಯವರು ಚೌಕದ ಸುತ್ತ ಮೂರು ಸಲ ತಿರುಗಿ, ಇಲ್ಲದ ಮೆಟ್ಟಿಲುಗಳನ್ನು ಹುಡುಕಿದರು. ಅವು ಮುಂದಿನ ಹಂತದ ಕಾಮಗಾರಿ ಎಂದು ಪುರಸಭೆಯವರು ಹೇಳಿದರು. ಕೆಲವರು ನಂಬಿದರು ಕೂಡ.

ಆ ದಿನ ಊರಿನಲ್ಲಿ ಮಜ್ಜಿಗೆ ಮುಗಿದುಹೋಯಿತು. ಸಂಜೆಯ ಹೊತ್ತಿಗೆ ಜನ ಬೋರ್ಡಿನ ಅಡಿಯ ಹೆಸರು ಓದಿದರು. ಯಂತ್ರ ತಪ್ಪುವುದುಂಟೇ? ತಪ್ಪಿದವಳು ಸಾವಂತ್ರಮ್ಮ. ವಯಸ್ಸಾಯಿತು, ಹಿಮ್ಮಡಿ ಮರಗಟ್ಟಿದೆ, ಹಿಂದೆಯೂ ತಪ್ಪು ಹೇಳುತ್ತಿದ್ದಳೋ ಏನೋ ಎಂದರು. ಇದನ್ನು ಹೇಳಿದವರು ಮೂವತ್ತೊಂದು ವರ್ಷ ಅವಳ ಕೂಗು ಕೇಳಿ ದಿನಾ ತಮ್ಮ ತಮ್ಮ ಮನೆ ಸೇರಿದ್ದವರು. ಆಕೆ ಬಾಯಿ ಬಿಡುವ ಹಾಗಿರಲಿಲ್ಲ, ಬಿಡಲಿಲ್ಲ. ಆದೇಶ ಎಂದರೆ ಆದೇಶ ಎಂದು ತಿಳಿದಿದ್ದವಳು ಊರಿಗೆಲ್ಲ ಅವಳೊಬ್ಬಳೇ.

ನನಗೆ ಮೊದಲ ದಿನವೇ ಗೊತ್ತಾಯಿತು. ತಿದ್ದುವ ಪುಟವನ್ನೂ ಕಾಣುವ ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕುರುಡನಿಗೂ ಗೊತ್ತಾಗುವಂಥದ್ದು. ಮರುದಿನ ಬೆಳಿಗ್ಗೆ ಲೀಲಾಧರನ ಹತ್ತಿರ ಹೋದೆ.

"ಅದು ತಪ್ಪಲ್ಲ ಮಹಾಲಿಂಗ, ಸೌಲಭ್ಯ," ಅಂದ. "ಬರೆಯೋರಿಗೆ ಎಣಿಸೋ ತಾಪತ್ರಯ ಇರಬಾರದು ಅಂತ ಭಾಷೇನೇ ಎಣಿಸಿಕೊಡುತ್ತೆ. ಮೊದಲನೇದು ಕೊಟ್ಟರೆ ಸಾಕು."

"ಆದ್ರೆ ಮೆಟ್ಟಿಲುಗಳು ಹಾಗೆ ಎಣಿಸ್ಕೊಂಡು ಹೋಗೋದಿಲ್ವಲ್ಲ ಸಾರ್."

"ಅದು ಮೆಟ್ಟಿಲುಗಳ ಸಮಸ್ಯೆ," ಅಂದ.

ಬಡಾವಣೆಯ ಹೆಸರು ಮೊದಲು ಬರೆದು ಸಂಖ್ಯೆಯನ್ನು ಆಮೇಲೆ ಬರೆದರೆ ಭಾಷೆ ಅದರ ತಂಟೆಗೆ ಬರುವುದಿಲ್ಲ. ಅದನ್ನು ಹೇಳಲು ವಾಗ್ದೇವಿ ಮೇಡಂ ಹತ್ತಿರ ಹೋದೆ. ಬೋರ್ಡಿನಲ್ಲಿ ಎಡಗಡೆ ಸಂಖ್ಯೆ, ಬಲಗಡೆ ಬಡಾವಣೆ ಎಂದು ಈಗಾಗಲೇ ಬಣ್ಣದಲ್ಲಿ ಬರೆಸಿಯಾಗಿದೆ, ಬಣ್ಣ ಒಣಗಿದೆ ಎಂದರು. ಮೆಟ್ಟಿಲಿನ ಸರದಿಯಲ್ಲೇ, ಒಂದರಿಂದ ಇಪ್ಪತ್ತಮೂರರವರೆಗೆ ಬರೆದುಬಿಟ್ಟರೆ ಭಾಷೆಯ ಎಣಿಕೆಯೂ ನಮ್ಮ ಎಣಿಕೆಯೂ ಒಂದೇ ಆಗುತ್ತದೆ. ಅದನ್ನು ಹೇಳಲು ಸುಬೋಧರಾಯರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು, "ಅಂದ್ರೆ ಏಳು ಬಂದ ದಿನ ಪುರಸಭೆಯ ಹೆಸರು ಏಳನೇ ಸಾಲಿಗೆ ಇಳಿಯುತ್ತೆ ಅಂತೀಯಾ?" ಅಂದರು. ನಾನು ಕಾಗದ ಮಡಚಿಕೊಂಡೆ. ಅವರು ಕನ್ನಡಕ ಹಾಕಿಕೊಂಡರು.

ಉಳಿದದ್ದು ಒಂದೇ ಉಪಾಯ. ಸಂಖ್ಯೆಗೂ ಚುಕ್ಕಿಗೂ ನಡುವೆ ಒಂದು ಓರೆಗೆರೆ ಇಟ್ಟರೆ ನಕ್ಷತ್ರದ ಭಾಷೆ ಎಣಿಸುವುದನ್ನು ಬಿಟ್ಟು, ಬರೆದದ್ದನ್ನು ಬರೆದ ಹಾಗೆ ತೋರಿಸುತ್ತದೆ. ಲೀಲಾಧರನೇ ಬಾಯಿತಪ್ಪಿ ಇದನ್ನು ಹೇಳಿದ್ದ. ಇಪ್ಪತ್ತಮೂರು ಸಾಲಿಗೆ ಇಪ್ಪತ್ತಮೂರು ಓರೆಗೆರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಒಪ್ಪಂದದ ಕೊನೆಯ ಕಲಮು ಇತ್ತಲ್ಲ! ಓರೆಗೆರೆ ಸೋತ ಪಕ್ಷದ ಗುರುತು. ಕಲಮು ಮುರಿದರೆ ಮತ್ತೆ ಗೋಡೆಗಳ ಮೇಲೆ ಬರೆಯಲು ಶುರುಮಾಡುತ್ತಾರೆ ಎಂದು ಲೀಲಾಧರ ಹೆದರಿದ. ಸರಿ, ಸೋತವರಾದರೂ ಸಂತೋಷಪಡುತ್ತಾರೆ ಎಂದುಕೊಂಡು ಜಿನದತ್ತ ಮೇಷ್ಟ್ರ ಮನೆಗೆ ಹೋದೆ. ಅವರು ಶಾಲು ಹೊದ್ದುಕೊಂಡೇ ಕೂತಿದ್ದರು.

"ಇಡೀ ಊರಿನ ಬರವಣಿಗೆಯನ್ನ ನನ್ನ ಓರೆಗೆರೆ ಹೊರುತ್ತೆ ಅಂದಾಗ ಬೇಡ ಅಂದ್ರಿ," ಅಂದರು. "ಈಗ ಕಸ ಗುಡಿಸೋಕೆ ಕರೀತೀರಾ? ಬರೋದಿಲ್ಲ ಅಂತ ಹೇಳಿ."

"ಒಂದು ಗೆರೆ ಮೇಷ್ಟ್ರೇ. ಆ ಹೆಂಗಸಿನ ಮರ್ಯಾದೆ ಹೋಗ್ತಾ ಇದೆ."

"ನನ್ನ ಮರ್ಯಾದೆ ಹೋದಾಗ ನೀವು ನಡಾವಳಿ ಬರೀತಾ ಇದ್ರಿ," ಅಂದರು.

ಇಷ್ಟು ಓಡಾಡಿದೆ ಎಂದ ಮಾತ್ರಕ್ಕೆ ನನ್ನನ್ನು ಒಳ್ಳೆಯವನೆಂದು ತಿಳಿಯಬೇಡಿ. ಬೋರ್ಡು ಬಂದ ಮೇಲಿನ ಹತ್ತು ದಿನ ಊರಿಗೆ ಊರೇ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುತ್ತಿದ್ದಾಗ, ಸಾವಂತ್ರಮ್ಮನ ಬಾಯಿಂದ ನೇರವಾಗಿ ಪಟ್ಟಿ ಬರೆದುಕೊಳ್ಳುತ್ತಿದ್ದ ನಾನು ಮಾತ್ರ ದಿನಾ ಒಂದೇ ಸಲಕ್ಕೆ ಮನೆ ಸೇರುತ್ತಿದ್ದೆ. ನನ್ನ ಹೆಂಡತಿಗೆ ಹೇಳುತ್ತಿದ್ದೆ, ಇನ್ನಾರಿಗೂ ಹೇಳಲಿಲ್ಲ. ಪಕ್ಕದ ಮನೆಯವರು ಹೇಗೆ ಬಂದೆ ಎಂದು ಕೇಳಿದರೆ ಅದೃಷ್ಟ ಎನ್ನುತ್ತಿದ್ದೆ.

ಬೋರ್ಡು ಬಂದು ಆರನೆಯ ದಿನ ಪಟ್ಟಿ ಹೇಳಿ ಮುಗಿಸಿದ ಮೇಲೆ ಸಾವಂತ್ರಮ್ಮ ಏಳಲಿಲ್ಲ.

"ನನ್ನ ಮೊಮ್ಮಗಳನ್ನ ಸ್ಕೂಲ್‌ನಾಗೆ ಆಡ್ಕಂತಾವ್ರೆ ಮಾಲಿಂಗ. ನಿಮ್ಮಜ್ಜಿ ಸುಳ್ಳಿ ಅಂತಾರಂತೆ," ಅಂದಳು. "ನಾನು ತಪ್ಪು ಹೇಳಿದ್ನಾ? ಹೇಳಿದ್ರೆ ಹೇಳ್ಬುಡು. ಕಾಲು ಸೋತದೆ ಅಂತ ಒಪ್ಕಂಡು ಮನೇಲಿ ಕೂತ್ಕಂತೀನಿ."

ನಾನು ಪರದೆಯನ್ನು ಅವಳ ಕಡೆ ತಿರುಗಿಸಿ ಮೊದಲ ದಿನದ ತಿದ್ದುವ ಪುಟ ತೋರಿಸಿದೆ. ಅಕ್ಷರ ಬಾರದಿದ್ದರೂ ಅವಳಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು. ಬೆರಳಿಟ್ಟುಕೊಂಡು ಏಳು, ಮೂರು, ಹತ್ತೊಂಬತ್ತು ಎಂದು ಕೊನೆಯವರೆಗೂ ಓದಿದಳು. ಆಮೇಲೆ ಕಾಣುವ ಪುಟ ತೋರಿಸಿದೆ. ಅದನ್ನೂ ಓದಿದಳು. ಇದು ಯಾಕೆ ಹೀಗೆ ಎಂದು ಕೇಳಲಿಲ್ಲ. ಯಾಕೆ ಎಂದು ಕೇಳುವ ಅಭ್ಯಾಸ ನಮ್ಮೂರಿನವರಿಗೆ ಇಲ್ಲ.

"ಹಂಗಾರೆ ನಾನ್ ತಪ್ಪಿಲ್ಲ," ಅಂದಳು.

"ಇಲ್ಲಮ್ಮ."

"ಎಲ್ಲಾರ ಮುಂದೆ ಇದನ್ನ ಹೇಳ್ತೀಯಾ?"

"ಹೇಳ್ತೀನಿ," ಅಂದೆ. ಆ ಹೊತ್ತಿನಲ್ಲಿ ಹೇಳುವವನೇ ಇದ್ದೆ.

ದೂರುಗಳು ಹೆಚ್ಚಾದ ಮೇಲೆ ಪುರಸಭೆ ವಿಚಾರಣೆ ಇಟ್ಟಿತು. ವಿಚಾರಿಸುವವರು ಯಾರೆಂದರೆ ಅದೇ ಸಮಿತಿ. ವಿಚಾರಣೆ ಮುಗಿಯುವವರೆಗೆ ಹೊಸ ಪಟ್ಟಿ ಬೇಡವೆಂದು ಸುಬೋಧರಾಯರು ಹೇಳಿದ್ದರಿಂದ ಆ ದಿನ ಬೆಳಿಗ್ಗೆ ನಾನು ಬರೆದುಕೊಳ್ಳಲಿಲ್ಲ. ಬೋರ್ಡಿನಲ್ಲಿ ಹಿಂದಿನ ದಿನದ ಸಂಖ್ಯೆಗಳೇ ಮಿನುಗುತ್ತಿದ್ದವು. ಎಲ್ಲರಿಗೂ ಅನುಕೂಲವಾಗಲೆಂದು ಸಭೆಯನ್ನು ಕೆಳಗೆ ಚೌಕದ ಪಕ್ಕದ ಸಭಾಭವನದಲ್ಲಿ ಇಟ್ಟಿದ್ದರು. ಇಳಿದು ಬರುವುದಕ್ಕೆ ಯಾರಿಗೂ ಕಷ್ಟವಿರಲಿಲ್ಲ, ಭವನ ತುಂಬಿಹೋಯಿತು.

ಬಾಗಿಲ ಹತ್ತಿರ ಸುಬೋಧರಾಯರು ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು. "ಮಹಾಲಿಂಗ, ನಿನ್ನ ಕಾಯಂ ಆದೇಶ ನನ್ನ ಮೇಜಿನ ಮೇಲೇ ಇದೆ. ಸೋಮವಾರ ನೋಡ್ತೀನಿ," ಅಂದರು. ಆಮೇಲೆ, ಇನ್ನೇನೋ ವಿಷಯ ಎಂಬಂತೆ, "ತಿದ್ದುವ ಪುಟ ಅನ್ನೋದು ಅಡುಗೆಮನೆ ಇದ್ದ ಹಾಗೆ. ಬಂದೋರಿಗೆ ಅದನ್ನ ಯಾರೂ ತೋರಿಸೋದಿಲ್ಲ. ಕಾಣುವ ಪುಟವೇ ಅಧಿಕೃತ. ಗೊತ್ತಲ್ಲ?" ಅಂದರು. ಗೊತ್ತು ಅಂದೆ. ಬೆದರಿಸಿದರು ಎಂದು ಹೇಳಿಕೊಳ್ಳುವಷ್ಟು ಗಟ್ಟಿಯಾಗಿಯೂ ಅವರು ಮಾತಾಡಲಿಲ್ಲ. ನನ್ನಂಥವನಿಗೆ ಅಷ್ಟು ಶ್ರಮ ಬೇಕಾಗಿರಲಿಲ್ಲ.

ವಿಚಾರಣೆಯಲ್ಲಿ ಮೊದಲು ಲೀಲಾಧರ ಎದ್ದು ನಕ್ಷತ್ರದ ಭಾಷೆಯನ್ನು ಹೊಗಳಿದ. ವಾಗ್ದೇವಿ ಮೇಡಂ ಬೋರ್ಡಿನ ಬಣ್ಣವನ್ನು ಹೊಗಳಿದರು. ಜಿನದತ್ತ ಮೇಷ್ಟ್ರು ಯಾರನ್ನೂ ಹೊಗಳದೆ, ಇಂಥದ್ದು ಆಗುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎಂದಷ್ಟೇ ಹೇಳಿ ಕೂತರು. ಏನು ಆಗುತ್ತದೆ ಎಂದು ಅವರೂ ಹೇಳಲಿಲ್ಲ. ಸುಬೋಧರಾಯರು ಸಾವಂತ್ರಮ್ಮನಿಗೆ, "ನೀವು ಹೇಳಿದ್ದೇ ಬೋರ್ಡಿನಲ್ಲಿ ಬಂದಿದೆ. ತಪ್ಪಾಗಿದೆ ಅಂತ ಒಪ್ಪಿಕೊಂಡು ಸಹಿ ಮಾಡಿದರೆ ಇಲ್ಲಿಗೇ ಮುಗಿಸೋಣ," ಅಂದರು.

ಸಾವಂತ್ರಮ್ಮ ಎದ್ದು ನಿಂತಳು. ಕೂಗುವ ದಿನಗಳಲ್ಲಿ ಉಡುತ್ತಿದ್ದ ಹಸಿರು ಸೀರೆ ಉಟ್ಟು ಬಂದಿದ್ದಳು. "ನಾನು ಏಳು, ಎಂಟು, ಒಂಬತ್ತು ಅನ್ನಲಿಲ್ಲ ಸ್ವಾಮಿ. ಇಪ್ಪತ್ತೊಂಬತ್ತು ಅಂತ ಹೆಂಗಾದ್ರೂ ಅಂದೇನು? ಮೆಟ್ಲೇ ಇಲ್ವಲ್ಲ," ಅಂದಳು. ಹಿಂದಿನಿಂದ ಯಾರೋ ನಕ್ಕರು. "ಬರ್ಕಂಡೋನು ಇಲ್ಲೇ ಅವ್ನೆ. ಮಾಲಿಂಗ ಹೇಳ್ಲಿ. ಅವ್ನು ಏನ್ ಬರ್ಕಂಡೆ ಅಂತ ಓದ್ತಾನೋ ಅದಕ್ಕೆ ನಾನು ಒಪ್ಕಂತೀನಿ."

ಇಡೀ ಭವನ ನನ್ನ ಕಡೆ ತಿರುಗಿತು. ನನ್ನ ಮುಂದಿನ ಯಂತ್ರದಲ್ಲಿ ಮೊದಲ ದಿನದ ಎರಡೂ ಪುಟ ತೆರೆದಿದ್ದವು. ಒಂದನ್ನು ಓದಿದರೆ ಅವಳು ಮತ್ತೆ ಸಾವಂತ್ರಮ್ಮನಾಗುತ್ತಿದ್ದಳು. ಇನ್ನೊಂದನ್ನು ಓದಿದರೆ ನಾನು ಸೋಮವಾರ ಕಾಯಂ ಆಗುತ್ತಿದ್ದೆ. ಕಾಣುವ ಪುಟವನ್ನು ಓದಿದೆ. ಕಚೇರಿಗುಡ್ಡ ಏಳು. ಆಸ್ಪತ್ರೆ ಬೀದಿ ಎಂಟು. ಶಾಲೆಬಯಲು ಒಂಬತ್ತು. ಒಂದನ್ನೂ ಬಿಡದೆ ಓದಿದೆ. ಇಲ್ಲದ ಮೆಟ್ಟಿಲುಗಳನ್ನೂ ಓದಿದೆ, ನನ್ನ ಧ್ವನಿ ಎಲ್ಲೂ ನಡುಗಲಿಲ್ಲ. ಕೊನೆಯ ಸಾಲು ನನ್ನ ಬಡಾವಣೆಯದೇ. ಸುಣ್ಣದಗೂಡು ಇಪ್ಪತ್ತೊಂಬತ್ತು ಎಂದು ಓದಿ ಕೂತೆ. ಅಷ್ಟು ಸ್ಪಷ್ಟವಾಗಿ ನಾನು ಜೀವನದಲ್ಲಿ ಏನನ್ನೂ ಓದಿರಲಿಲ್ಲ.

ಸಾವಂತ್ರಮ್ಮ ನನ್ನನ್ನು ಬೈಯಲಿಲ್ಲ. "ಸರಿ, ಒಪ್ಕಂತೀನಿ ಅಂದಿದ್ದೆ. ಎಲ್ಲಿ ಒತ್ತಬೇಕು?" ಅಂದಳು. ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳ ಕೆಲಸ ರದ್ದಾಯಿತು. ಇನ್ನು ಮುಂದೆ ಪುರಸಭೆಗೆ ಯಾವ ಮೆಟ್ಟಿಲು ಬರುತ್ತದೆಂದು ಕಾವಲುಗಾರ ಹತ್ತಿ ಇಳಿದು ನೋಡಿ ಹೇಳುವುದು, ಆ ಒಂದು ಸಂಖ್ಯೆ ಬರೆದರೆ ಉಳಿದ ಇಪ್ಪತ್ತೆರಡನ್ನು ಭಾಷೆಯೇ ಎಣಿಸಿಕೊಳ್ಳುವುದು ಎಂದು ನಿರ್ಣಯವಾಯಿತು. ಲೀಲಾಧರನಿಗೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ನಾನು ನಡಾವಳಿ ಬರೆದೆ.

ಸಭೆ ಮುಗಿದು ಎಲ್ಲರೂ ಚೌಕಕ್ಕೆ ಬಂದೆವು. ಊಟದ ಹೊತ್ತು ಮೀರಿತ್ತು, ಬಿಸಿಲು ಕಾಯುತ್ತಿತ್ತು. ಯಾರೂ ಮೆಟ್ಟಿಲಿನ ಕಡೆ ಹೋಗಲಿಲ್ಲ. ಬೋರ್ಡನ್ನು ಒಮ್ಮೆ ನೋಡುವುದು, ಪಕ್ಕದವರ ಮುಖ ನೋಡುವುದು, ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದು, ಹೀಗೆ ನಿಂತರು. ಸಾವಂತ್ರಮ್ಮ ಕಟ್ಟೆಯ ಪಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕೆಲಸವಿರಲಿ ಬಿಡಲಿ, ಆ ದಿನ ಬೆಳಿಗ್ಗೆಯೂ ಬಂದು ಇಪ್ಪತ್ತಮೂರು ಕಲ್ಲಿನ ಮೇಲೂ ಹಿಮ್ಮಡಿ ಊರಿ ನೋಡಿದ್ದಳೆಂದು ಎಲ್ಲರಿಗೂ ಗೊತ್ತಿತ್ತು. ಮೊದಲು ಅವಳ ಹತ್ತಿರ ಹೋದವರು ಸುಬೋಧರಾಯರು. ಹೆಬ್ಬೆಟ್ಟಿನ ಶಾಯಿ ಇನ್ನೂ ಒಣಗಿರಲಿಲ್ಲ.

"ಸಾವಂತ್ರಮ್ಮ, ಕಚೇರಿಗುಡ್ಡಕ್ಕೆ ಇವತ್ತು..." ಎಂದು ಮೆಲ್ಲಗೆ ಕೇಳಿದರು.

"ಈಗ ನಾನು ಪುರಸಭೆಯೋಳಲ್ಲ, ಬಾಯಿ ಬುಡಬೌದು ಅಲ್ವಾ?" ಅಂದಳು ಆಕೆ. ಬೌದು ಬೌದು ಎಂದು ಅವರು ತಲೆಯಾಡಿಸಿದರು. "ಇಪ್ಪತ್ತೊಂದು," ಅಂದಳು.

ಆಮೇಲೆ ವಾಗ್ದೇವಿ ಮೇಡಂ ಕೇಳಿದರು, ಅವರಿಗೆ ನಾಲ್ಕು. ಲೀಲಾಧರ ಕೇಳಿದ, ಅವನಿಗೆ ಹದಿನೇಳು. ಜಿನದತ್ತ ಮೇಷ್ಟ್ರು ಬಾಯಿಬಿಟ್ಟು ಕೇಳಲಿಲ್ಲ, ಎದುರು ನಿಂತು ಕೆಮ್ಮಿದರು, ಅವರಿಗೆ ಎರಡು. ಆಮೇಲೆ ಸಾಲು ಹತ್ತಿತು. ನಾನು ದೂರ ನಿಂತಿದ್ದೆ, ಆ ಗದ್ದಲದಲ್ಲಿ ನಮ್ಮ ಸುಣ್ಣದಗೂಡಿನವರಿಗೆ ಯಾವುದೆಂದಳೋ ಕೇಳಿಸಲಿಲ್ಲ. ಅವಳನ್ನು ಸುಳ್ಳಿ ಎಂದವರು, ಹಿಮ್ಮಡಿ ಮರಗಟ್ಟಿದೆ ಎಂದವರು, ಭವನದಲ್ಲಿ ಹಿಂದಿನಿಂದ ನಕ್ಕವರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಕೇಳಿದರು. ಎಲ್ಲರಿಗೂ ಹೇಳಿದಳು. ಯಾರೂ ಎರಡನೆಯ ಸಲ ಕೇಳಲಿಲ್ಲ, ಯಾರೂ ಬೋರ್ಡಿನ ಕಡೆ ತಿರುಗಿ ನೋಡಲಿಲ್ಲ. ಹೇಳಿದ ಮೆಟ್ಟಿಲು ಹಿಡಿದು ನೇರ ಮನೆಗೆ ಹೋದರು. ಇದಕ್ಕಿಂತ ದೊಡ್ಡ ವಿಚಾರಣೆ ಬೇಕಿತ್ತೇ? ಆದರೆ ಇದರ ನಡಾವಳಿ ಬರೆಯಲು ಯಾರೂ ನನಗೆ ಹೇಳಲಿಲ್ಲ.

ಕೊನೆಗೆ ಚೌಕದಲ್ಲಿ ಉಳಿದವರು ನಾವಿಬ್ಬರೇ. ನಾನು ಕಾಗದಗಳನ್ನು ಎದೆಗೆ ಒತ್ತಿಕೊಂಡು ಅವಳ ಎದುರು ಬಂದು ನಿಂತೆ. ಕ್ಷಮಿಸು ಅನ್ನಬೇಕಿತ್ತು, ಅನ್ನಲಿಲ್ಲ. "ಅಮ್ಮ, ಸುಣ್ಣದಗೂಡಿಗೆ?" ಅಂದೆ.

"ನೀನು ಆಗ್ಲೇ ಎಲ್ಲಾರ ಮುಂದೆ ಓದಿ ಹೇಳಿದ್ಯಲ್ಲ ಮಾಲಿಂಗ," ಅಂದಳು ಸಾವಂತ್ರಮ್ಮ. "ಇಪ್ಪತ್ತೊಂಬತ್ತು. ಅದನ್ನೇ ಹತ್ತು."

ಅವಳು ತನ್ನ ಮೆಟ್ಟಿಲು ಹಿಡಿದು ಹೊರಟುಹೋದಳು. ನಾನು ಚೌಕದ ಸುತ್ತ ಒಂದು ಸಲ ಬಂದೆ. ಇಪ್ಪತ್ತಮೂರೇ ಇದ್ದವು. ಒಂದನೆಯದರಿಂದ ಹತ್ತಲು ಶುರು ಮಾಡಿದೆ. ಅದು ಮೀನುಪೇಟೆಗೆ ಹೋಯಿತು. ಮೊದಲ ಮನೆಯ ಹೆಂಗಸು ಬಾಗಿಲಿಗೆ ಬಂದು, ನನ್ನ ಗುರುತು ಹಿಡಿದು, ಮಜ್ಜಿಗೆ ತರದೆ ಒಳಗೆ ಹೋದಳು.